ಕಾಕ್‌ಪಿಟ್‌ನ ಮೂರನೇ ಸೀಟು

2023ರ ಅಕ್ಟೋಬರ್‌ನಲ್ಲಿ ಅಮೆರಿಕದ ವಿಮಾನವೊಂದರ ಕಾಕ್‌ಪಿಟ್‌ನಲ್ಲಿ, ಹೆಚ್ಚುವರಿ ಸೀಟಿನಲ್ಲಿ ಕೂತಿದ್ದ ಡ್ಯೂಟಿ ಇಲ್ಲದ ಪೈಲಟ್ ಎಂಜಿನ್ ನಿಲ್ಲಿಸುವ ಹಿಡಿಕೆಗಳಿಗೇ ಕೈ ಹಾಕಿದರು. ಉಳಿದಿಬ್ಬರು ತಡೆದು ವಿಮಾನವನ್ನು ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಸಿದರು. ಇಂಥದ್ದು ಓದಿದರೆ ಯಾರಿಗೂ ಅನ್ನಿಸುತ್ತದೆ, ಕೆಲಸ ಇಲ್ಲದವರನ್ನು ಅಲ್ಲಿಗೆ ಬಿಡೋದೇ ಬೇಡ ಅಂತ. ನಾನು ಒಪ್ಪುವುದಿಲ್ಲ.

1989ರ ಜುಲೈ 19ರಂದು ಅಮೆರಿಕದ ಯುನೈಟೆಡ್ ಕಂಪನಿಯ ವಿಮಾನ 232ರ ಬಾಲದ ಎಂಜಿನ್ ಒಡೆದು, ವಿಮಾನ ತಿರುಗಿಸಲು ಬೇಕಾದ ಮೂರೂ ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ವ್ಯವಸ್ಥೆ ಹೋದವು. ಸ್ಟಿಯರಿಂಗೇ ಇಲ್ಲದ ಬಸ್ಸಿನಂತಾಯಿತು. ಡ್ಯೂಟಿ ಇಲ್ಲದೆ ಪ್ರಯಾಣಿಕರ ಜೊತೆ ಕೂತಿದ್ದವರು ಡೆನ್ನಿ ಫಿಚ್, ಅದೇ ಡಿಸಿ-10 ವಿಮಾನ ಕಲಿಸುವ ಪೈಲಟ್. ಎದ್ದು ಮುಂದೆ ಹೋದರು. ಕಾಕ್‌ಪಿಟ್‌ನ ನೆಲದ ಮೇಲೆ ಮಂಡಿಯೂರಿ, ಉಳಿದೆರಡು ಎಂಜಿನ್‌ಗಳ ವೇಗ ಏರಿಸುತ್ತ ಇಳಿಸುತ್ತ ವಿಮಾನ ತಿರುಗಿಸಿದರು. ಅಮೆರಿಕದ ಸೂ ಸಿಟಿಯಲ್ಲಿ ಅದು ನೆಲಕ್ಕಪ್ಪಳಿಸಿತು, 112 ಜನ ಹೋದರು. ಆದರೆ 184 ಜನ ಬದುಕಿದರು.

ನನಗೆ ಸಿಟ್ಟು ಬರುವುದು ಇಂಡೋನೇಷ್ಯಾದ ವಿಮಾನ ಕಂಪನಿ ಲಯನ್ ಏರ್ ವಿಷಯಕ್ಕೆ. 2018ರ ಅಕ್ಟೋಬರ್ 28ರ ರಾತ್ರಿ ಬಾಲಿಯಿಂದ ಜಕಾರ್ತಾಕ್ಕೆ ಹೊರಟ ಅದರ ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಮೂತಿ ತಾನಾಗಿ ಕೆಳಗೆ ಬಾಗತೊಡಗಿತು. ಕ್ಯಾಪ್ಟನ್ ಮುಂದಿನ ಕಂಟ್ರೋಲ್ ಎಚ್ಚರಿಕೆಯಾಗಿ ಗಡಗಡ ನಡುಗುತ್ತಿತ್ತು. ಕಾಕ್‌ಪಿಟ್‌ನಲ್ಲಿದ್ದ ಡ್ಯೂಟಿ ಇಲ್ಲದ ಇನ್ನೊಬ್ಬ ಪೈಲಟ್ ನೆರವಾದರು. ಮೂತಿ ಏರಿಸಿ ಇಳಿಸುವ ಟ್ರಿಮ್ ಮೋಟರ್‌ನ ಸ್ವಿಚ್ ಆಫ್ ಮಾಡಿ, ಕೈಯಲ್ಲೇ ನಡೆಸಿಕೊಂಡು ಜಕಾರ್ತಾ ಮುಟ್ಟಿದರು.

ಆಮೇಲೆ ವಿಮಾನದ ತೊಂದರೆ ಬರೆದಿಡುವ ಲಾಗ್‌ಬುಕ್‌ನಲ್ಲಿ ಬಂದದ್ದು ಎರಡು ಕಡೆಯ ಮಾಪಕಗಳಲ್ಲಿ ವೇಗ, ಎತ್ತರ ಹೊಂದುತ್ತಿಲ್ಲ ಅನ್ನುವುದು, ಒಂದು ಎಚ್ಚರಿಕೆ ದೀಪ ಹತ್ತಿದ್ದು, ಇಷ್ಟೇ. ಕಂಟ್ರೋಲ್ ನಡುಗಿದ್ದಿಲ್ಲ, ಆಫ್ ಮಾಡಿದ ಸ್ವಿಚ್ಚೂ ಇಲ್ಲ. ಮರುದಿನ ಬೆಳಿಗ್ಗೆ ಅದೇ ವಿಮಾನ ಬೇರೆ ಪೈಲಟ್‌ಗಳ ಕೈಗೆ ಬಂತು. ಜಾವಾ ಸಮುದ್ರಕ್ಕೆ ಬಿತ್ತು. 189 ಜನ!

ತಪ್ಪೆಲ್ಲ ಹಿಂದಿನ ರಾತ್ರಿಯ ಪೈಲಟ್‌ಗಳದ್ದು ಅಂತಲ್ಲ. ಮೂತಿಯನ್ನು ತಾನಾಗಿ ಬಾಗಿಸಿದ್ದು ಒಂದು ಸಾಫ್ಟ್‌ವೇರ್; ಅದು ಇರುವುದನ್ನೇ ಬೋಯಿಂಗ್ ಕಂಪನಿ ಪೈಲಟ್‌ಗಳ ಕೈಪಿಡಿಯಲ್ಲಿ ಹೇಳಿರಲಿಲ್ಲ. ಆದರೂ ಬಚಾವಾದ ಉಪಾಯ ಕಾಗದಕ್ಕೆ ಇಳಿಯಬೇಕಿತ್ತು, ಅಲ್ವಾ?

ಪೈಲಟ್ ತಾನು ವಿಮಾನ ನಡೆಸದೆ ಸುಮ್ಮನೆ ಕೂತು ಹೋಗುವ ಪ್ರಯಾಣವೂ, ಕಂಪನಿಯೇ ಕಳಿಸಿದ್ದಾದರೆ, ಅಮೆರಿಕದ ನಿಯಮದಲ್ಲಿ ಡ್ಯೂಟಿ ಲೆಕ್ಕಕ್ಕೇ ಬರುತ್ತದೆ, ವಿಶ್ರಾಂತಿ ಅಲ್ಲ. ಹಾಗಾದರೆ ಕಾಕ್‌ಪಿಟ್‌ನಲ್ಲಿ ಏನಾದರೂ ಎಡವಟ್ಟಾದಾಗ ಆ ಮೂರನೆಯವರೂ ಕಂಡದ್ದನ್ನು ಬರೆದು ಸಹಿ ಹಾಕಿಯೇ ಇಳಿಯಲಿ. ಮುಂದಿನ ಪೈಲಟ್ ಅದನ್ನು ಓದದೆ ವಿಮಾನ ಎತ್ತುವ ಹಾಗಿರಬಾರದು.