ಕಾಂಡದ ಪರವಾಗಿ ಒಂದೆರಡು ಮಾತು

ಗಿಡದ ಭಾಗಗಳಲ್ಲಿ ಬೇರಿಗೆ ಇರುವ ಮರ್ಯಾದೆಯೇ ಬೇರೆ. ಹಿರಿಯರ ಮಾತು ಬರಲಿ, ಭಾಷೆಯ ಮಾತು ಬರಲಿ, ಬೇರು ಬಂದೇ ಬರುತ್ತದೆ. ಎಲೆಗೂ ಅಭಿಮಾನಿಗಳೇನು ಕಮ್ಮಿಯಿಲ್ಲ. ಚಿಗುರು, ಹಸಿರು, ನೆರಳು ಅಂತ ಹೊಗಳಿಸಿಕೊಳ್ಳುತ್ತಲೇ ಇರುತ್ತದೆ. ಇವೆರಡರ ನಡುವೆ ನಿಂತ ಕಾಂಡದ ಬಗ್ಗೆ ಯಾರಾದರೂ ಎರಡು ಒಳ್ಳೆಯ ಮಾತಾಡಿದ್ದು ನೆನಪಿದೆಯಾ? ಪರೀಕ್ಷೆಯಲ್ಲೂ ಅಷ್ಟೇ. ಬೇರಿಗೆ ನಾಲ್ಕು ಸಾಲು, ಎಲೆಗೆ ಚಿತ್ರಸಹಿತ ಅರ್ಧ ಪುಟ. ಕಾಂಡಕ್ಕೆ ಮಾತ್ರ ‘ನೀರು, ಆಹಾರ ಸಾಗಿಸುತ್ತದೆ, ಗಿಡಕ್ಕೆ ಆಧಾರ ಕೊಡುತ್ತದೆ’. ಮುಗೀತು.

ಸಾಗಿಸುತ್ತದೆ ಅಂತ ಬರೆಯೋದು ಸುಲಭ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳಲ್ಲಿ ಅತಿ ಎತ್ತರದ್ದು 115 ಮೀಟರಿಗೂ ಜಾಸ್ತಿ ಇದೆ. ಮೇಲೆ ಕೂತು ನೀರು ಹೀರುವ ಪಂಪಿಗೆ ಸುಮಾರು 10 ಮೀಟರ್ ದಾಟೋದೇ ಆಗುವುದಿಲ್ಲ. ಹಾಗಾದರೆ ಬೇರು ಕೆಳಗಿನಿಂದ ನೂಕುತ್ತದಾ? ನೂಕುವುದೇನೋ ನಿಜ, ಆದರೆ ತುದಿ ಮುಟ್ಟಿಸುವಷ್ಟು ಬಲ ಅದಕ್ಕಿಲ್ಲ. 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಎಂಬ ಇಬ್ಬರು ಕೊಟ್ಟ ವಿವರಣೆಯನ್ನೇ ಇವತ್ತಿಗೂ ಹೆಚ್ಚಿನವರು ಒಪ್ಪುತ್ತಾರೆ. ಎಲೆಯ ಪತ್ರರಂಧ್ರಗಳಿಂದ ನೀರು ಆವಿಯಾಗಿ ಹೊರಟುಹೋಗುತ್ತದೆ. ನೀರಿನ ಅಣುಗಳು ಒಂದನ್ನೊಂದು ಅಷ್ಟು ಬೇಗ ಬಿಡುವ ಜಾತಿಯವಲ್ಲ. ಮುಂದಿನದು ಹೋದರೆ ಹಿಂದಿನದನ್ನೂ ಎಳೆದುಕೊಂಡೇ ಹೋಗುತ್ತದೆ. ಹೀಗೆ ಬೇರಿನವರೆಗಿನ ಇಡೀ ಸಾಲು ಬಾವಿಯ ಹಗ್ಗ ಸೇದಿದ ಹಾಗೆ ಮೇಲಕ್ಕೆ ಬರುತ್ತದೆ. ಸೇದುವ ಕೆಲಸವೆಲ್ಲ ಬಿಸಿಲಿನದ್ದು, ಮರಕ್ಕೆ ಬಿಡಿಗಾಸಿನ ಖರ್ಚಿಲ್ಲ.

ಆದರೆ ಈ ಸಾಲು ನಡುವೆ ಎಲ್ಲೂ ಕಡಿಯಬಾರದು. ಕಾಂಡದ ಹೆಚ್ಚುಗಾರಿಕೆ ಇರೋದು ಇಲ್ಲೇ. ನೀರು ಹೋಗುವ ದಾರಿಗೆ ಕ್ಸೈಲಂ ಅಂತ ಹೆಸರು. ಕೂದಲಿನಷ್ಟು ಸಣ್ಣ ನಾಳಗಳು. ಒಳಗೆ ಒಂದು ಗಾಳಿಗುಳ್ಳೆ ಹೊಕ್ಕರೂ ಆ ನಾಳ ಕೈಕೊಡುತ್ತದೆ, ಪಕ್ಕದವು ಕೆಲಸ ಮುಂದುವರಿಸುತ್ತವೆ. ಇನ್ನೊಂದು ವಿಚಿತ್ರ ಅಂದರೆ, ಈ ನಾಳದ ಜೀವಕೋಶಗಳೆಲ್ಲ ಸತ್ತವು! ಬೆಳೆಯುತ್ತವೆ, ಗೋಡೆ ಗಟ್ಟಿ ಮಾಡಿಕೊಳ್ಳುತ್ತವೆ, ಒಳಗಿನದೆಲ್ಲ ಖಾಲಿ ಮಾಡಿ ಸಾಯುತ್ತವೆ. ನೌಕರಿ ಶುರುವಾಗೋದು ಆಮೇಲೆ. ಮರದ ನಡುವಿನ ಚೇಗಿನಲ್ಲಿ ಈ ಕೆಲಸವೂ ನಿಂತಿರುತ್ತದೆ. ಅದಕ್ಕೇ ಒಳಗೆಲ್ಲ ಟೊಳ್ಳಾದ ಮುದಿಮರವೂ ಮೇಲೆ ಚಿಗುರುತ್ತಾ ಆರಾಮಾಗಿ ಇರುತ್ತದೆ. ಮರದ ಜೀವ ಹೊರ ಅಂಚಿನಲ್ಲಿದೆ.

ಆ ಅಂಚಿಗೆ ಕೈ ಹಾಕಿದರೆ ಮಾತ್ರ ಕಷ್ಟ. ಕಾಂಡದ ಸುತ್ತ ಒಂದು ಬಳೆಯಗಲ ತೊಗಟೆ ಪೂರ್ತಿ ಕಿತ್ತು ನೋಡಿದವರು 17ನೇ ಶತಮಾನದಲ್ಲೇ ಇದ್ದರು. ಇಟಲಿಯ ಮಾಲ್ಪಿಘಿ ಅವರಲ್ಲೊಬ್ಬ. ಕಿತ್ತ ತಕ್ಷಣ ಎಲೆ ಬಾಡುವುದಿಲ್ಲ, ನೀರಿನ ದಾರಿ ಒಳಗೆ ಸರಿಯಾಗೇ ಇರುತ್ತದಲ್ಲ. ಆದರೆ ಗಾಯದ ಮೇಲಂಚು ನಿಧಾನವಾಗಿ ಊದಿಕೊಳ್ಳುತ್ತದೆ, ಕೆಳಗಂಚು ಹಾಗೇ ಇರುತ್ತದೆ. ಎಲೆ ತಯಾರಿಸಿದ ಸಕ್ಕರೆ ತೊಗಟೆಯ ಒಳಪದರದಲ್ಲಿ, ಅಂದರೆ ಫ್ಲೋಯಂನಲ್ಲಿ, ಕೆಳಗಿಳಿಯುತ್ತಾ ಬಂದು ದಾರಿಯಿಲ್ಲದೆ ಅಲ್ಲೇ ನಿಂತುಬಿಟ್ಟಿದೆ. ಕೆಳಗೆ ಬೇರು ಕೂಡಿಟ್ಟದ್ದನ್ನು ತಿಂದುಕೊಂಡು ಸ್ವಲ್ಪ ಕಾಲ ತಳ್ಳುತ್ತದೆ, ಆಮೇಲೆ ಉಪವಾಸ ಬಿದ್ದು ಸಾಯುತ್ತದೆ. ಹಿಂದೆಯೇ ಮರವೂ. ಮೇಲಿನವರನ್ನೆಲ್ಲ ತಾನೇ ಸಾಕುತ್ತಿದ್ದೇನೆ ಅನ್ನುವ ಗತ್ತಿನ ಬೇರು, ಊಟಕ್ಕೆ ಎಲೆಯ ಕೈ ಕಾಯುತ್ತದೆ ಅನ್ನೋದು ನನಗಂತೂ ಖುಷಿ ಕೊಡುವ ವಿಷಯ.

ಎಳೆ ಮರಕ್ಕೆ ಎದೆಮಟ್ಟದಲ್ಲಿ ಹೊಡೆದ ಮೊಳೆ ಎಷ್ಟು ವರ್ಷ ಬಿಟ್ಟು ನೋಡಿದರೂ ಎದೆಮಟ್ಟದಲ್ಲೇ ಇರುತ್ತದೆ. ಮರ ಉದ್ದ ಬೆಳೆಯೋದು ತುದಿಗಳಲ್ಲಿ ಮಾತ್ರ. ಉಳಿದ ಕಡೆ ದಪ್ಪ ಆಗುತ್ತದೆ ಅಷ್ಟೇ, ಕೊನೆಗೆ ಮೊಳೆಯನ್ನೇ ನುಂಗುತ್ತದೆ.

ಇಷ್ಟೆಲ್ಲ ಮಾಡಿದ ಕಾಂಡವನ್ನು ಎದುರಿಗೆ ಇಟ್ಟರೂ ನಾವು ಗುರುತಿಸುವುದಿಲ್ಲ. ಆಲೂಗಡ್ಡೆ ಮಣ್ಣೊಳಗೆ ಸಿಕ್ಕಿತು, ಆದ್ದರಿಂದ ಬೇರು ಅಂದುಬಿಡುತ್ತೇವೆ. ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ. ಅದರ ಕಣ್ಣುಗಳು ಎಲ್ಲೆಂದರಲ್ಲಿ ಚೆಲ್ಲಿಲ್ಲ, ಸುರುಳಿಯಾಗಿ ಸುತ್ತುತ್ತಾ ಹೋಗುತ್ತವೆ, ಒಂದು ತುದಿಯಲ್ಲಿ ಒತ್ತೊತ್ತಾಗಿವೆ. ಒಂದೊಂದು ಕಣ್ಣೂ ಒಂದೊಂದು ಗಿಣ್ಣು, ಅದರೊಳಗೆ ಮೊಗ್ಗು. ಬೆಳಕಿಗೆ ಇಟ್ಟರೆ ಹಸಿರಾಗುತ್ತದೆ. ಶುಂಠಿ, ಅರಿಶಿನವೂ ಇದೇ ಮನೆತನದವು. ಗೆಣಸು ಮಾತ್ರ ನಿಜವಾದ ಬೇರು. ಬಾಳೆಯಲ್ಲಿ ಎಲ್ಲ ಉಲ್ಟಾ. ಕಾಂಡ ಅಂತ ನಾವು ಅಪ್ಪಿಕೊಳ್ಳುವುದು ಒಂದರೊಳಗೊಂದು ಸುತ್ತಿಕೊಂಡ ಎಲೆಯ ಬುಡಗಳನ್ನು. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ, ಗೊನೆ ಹೊರುವ ಸಮಯ ಬಂದಾಗಷ್ಟೇ ಅದು ದಿಂಡಾಗಿ ಪಟ್ಟೆಗಳ ನಡುವೆ ನುಗ್ಗಿ ಮೇಲೆ ಬರುತ್ತದೆ.

ಪಾಪಾಸುಕಳ್ಳಿಯದ್ದು ಇನ್ನೂ ಅನ್ಯಾಯ. ಅಲ್ಲಿ ಅಡುಗೆ, ನೀರು ಕೂಡಿಡುವುದು, ಎಲ್ಲವೂ ಕಾಂಡದ ತಲೆ ಮೇಲೆ. ಬಿಸಿಲಲ್ಲಿ ನೀರು ಹಾಳಾಗದಿರಲಿ ಅಂತ ರಂಧ್ರ ತೆರೆಯುವುದೂ ರಾತ್ರಿ ಹೊತ್ತೇ. ಆದರೂ ಹಸ್ತದಂತೆ ಅಗಲವಾದ ಆ ಕಾಂಡವನ್ನು ಕಂಡವರೆಲ್ಲ ‘ಎಂಥಾ ದಪ್ಪ ಎಲೆ’ ಅನ್ನುತ್ತಾರೆ. ಅದರ ಎಲೆ ನೋಡಬೇಕು ಅನ್ನಿಸಿದರೆ ಹೊಸ ಹಸ್ತ ಮೂಡುವಾಗ ಹತ್ತಿರ ಹೋಗಿ. ಮೇಲೆಲ್ಲ ಮೆತ್ತಗಿನ, ಮೊನಚಾದ ಪುಟ್ಟ ಹಸಿರು ಕಡ್ಡಿಗಳಿರುತ್ತವೆ. ಅವೇ ಎಲೆ. ಸ್ವಲ್ಪ ದಿನ ಇದ್ದು, ಏನೂ ಹೇಳಿಕೊಳ್ಳುವಂಥ ಕೆಲಸ ಮಾಡದೆ, ಉದುರಿ ಹೋಗುತ್ತವೆ.