ಪೆರುವಿನ ಗಿಡಮೂಲಿಕೆ ಕೋರ್ಸ್ ಕುರಿತ ಸಂದೇಶ: ಒಂದು ಸ್ಪಷ್ಟನೆ

ಪೆರು ದೇಶದಲ್ಲಿ ಮೂರು ತಿಂಗಳು ಪಾರಂಪರಿಕ ಚಿಕಿತ್ಸೆ ಹಾಗೂ ಔಷಧೀಯ ಸಸ್ಯಗಳ ಕೋರ್ಸ್ ಮುಗಿಸಿದ ವಿದ್ಯಾರ್ಥಿ ಊರಿಗೆ ಮರಳಿ ಆಯುರ್ವೇದ ಚಿಕಿತ್ಸಾಲಯ ತೆರೆಯಬಹುದು, ಅಲ್ಲಿನ ಗಿಡಗಳನ್ನೂ ತಂದು ನೆಡಬಹುದು ಎಂಬ ಸಂದೇಶವೊಂದು ಶಿರಸಿ, ಕುಮಟಾ, ಕಾರವಾರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ಆಯುರ್ವೇದ ವೈದ್ಯರಾಗಿ ವೃತ್ತಿ ನಡೆಸಲು ಮಾನ್ಯತೆ ಪಡೆದ ಪದವಿ ಮತ್ತು ನೋಂದಣಿ ಬೇಕು. ಬಿಎಎಂಎಸ್ ಪದವಿಗೆ ನೀಟ್ ಮೂಲಕ ಪ್ರವೇಶ ಪಡೆದು ನಾಲ್ಕೂವರೆ ವರ್ಷ ಓದಿ, ಒಂದು ವರ್ಷ ಇಂಟರ್ನ್‌ಶಿಪ್ ಪೂರೈಸಬೇಕಾಗುತ್ತದೆ. ಅಲ್ಪಾವಧಿಯ ವಿದೇಶಿ ಪ್ರಮಾಣಪತ್ರ ಇದಕ್ಕೆ ಬದಲಿಯಲ್ಲ.

ಗಿಡಗಳ ವಿಷಯ ಇನ್ನೂ ಸೂಕ್ಷ್ಮವಾದುದು. ನೆಂಟರ ಮನೆಯಿಂದ ಬರುವಾಗ ಮಣ್ಣಿನ ಹೆಂಟೆ ಸಮೇತ ಸಸಿಯನ್ನು ಅಡಿಕೆ ಹಾಳೆಯಲ್ಲಿ ಸುತ್ತಿ ತರುವ ನಮ್ಮ ರೂಢಿ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ನೆಡುವ ಸಸಿ, ಬೀಜ, ಗಡ್ಡೆಗಳಿಗೆ ಆಮದು ಪರವಾನಗಿಯೂ ಪೆರು ಸರ್ಕಾರದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಬೇರಿಗೆ ಮಣ್ಣು ಅಂಟಿರಬಾರದು. ಪೆರುವಿನಲ್ಲಂತೂ ಮೂಲನಿವಾಸಿ ಸಮುದಾಯಗಳ ಸಸ್ಯಜ್ಞಾನವನ್ನು ರಕ್ಷಿಸುವ 27811ನೇ ಸಂಖ್ಯೆಯ ಕಾನೂನು 2002ರಿಂದಲೇ ಇದ್ದು, ಆ ಜ್ಞಾನವನ್ನು ವೈಜ್ಞಾನಿಕ ಅಥವಾ ವಾಣಿಜ್ಯ ಉದ್ದೇಶಕ್ಕೆ ಬಳಸುವವರು ಸಮುದಾಯದ ಪ್ರಾತಿನಿಧಿಕ ಸಂಘಟನೆಯ ಪೂರ್ವಾನುಮತಿ ಪಡೆಯಬೇಕು. ನಮ್ಮ ಕಾಡಿನ ಮದ್ದನ್ನು ಹೊರಗಿನವರು ಕೇಳದೆ ಒಯ್ದರೆ ನಾವು ಸುಮ್ಮನಿರುತ್ತೇವೆಯೇ?

ಹಾಗೆಂದು ಇಂಥ ಓದು ನಿರರ್ಥಕವಲ್ಲ. ಸಸ್ಯಶಾಸ್ತ್ರ ಅಥವಾ ಮಾನವಶಾಸ್ತ್ರ ಓದುತ್ತಿರುವವರಿಗೆ ಅಮೆಜಾನ್ ಕಾಡಿನ ಬೆಕ್ಕಿನುಗುರಿನ ಬಳ್ಳಿಯಂಥ ಮದ್ದುಗಳ ಬಳಕೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯ ಅನುಭವವೇ ಸರಿ. ಶುಲ್ಕ ಕಟ್ಟುವ ಮೊದಲು, ಪ್ರಮಾಣಪತ್ರ ಕೊಡುವುದು ವಿಶ್ವವಿದ್ಯಾಲಯವೋ ಖಾಸಗಿ ಶಿಬಿರವೋ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ.