ಕಾಫ್ಕಾ ನಿಗಾವಣೆಯಲ್ಲಿ ಲ್ಯಾಗ್‌ನ ಲೆಕ್ಕ
ಕಾಫ್ಕಾ ಎಂದರೆ ಒಂದು ತಂತ್ರಾಂಶ ಕಳಿಸಿದ ಸಂದೇಶಗಳನ್ನು ಶೇಖರಿಸಿಟ್ಟು ಇನ್ನೊಂದಕ್ಕೆ ಓದಲು ಕೊಡುವ ವ್ಯವಸ್ಥೆ. ಅದರ ಆರೋಗ್ಯವನ್ನು ಸರ್ವರ್‌ಗಳ ಸಿಪಿಯು ಮತ್ತು ಮೆಮೊರಿ ಬಳಕೆಯಿಂದಲೇ ತಿಳಿಯಬಹುದೆಂದು ಕಾಫ್ಕಾ ನಿಗಾವಣೆಯ ಬಗೆಗಿನ ಲೇಖನವೊಂದರಲ್ಲಿ ಓದಿದೆ. ಲೇಖಕರ ಆ ಮಾತನ್ನು ಒಪ್ಪುವುದು ನನಗೆ ಕಷ್ಟ. ಸಂದೇಶಗಳನ್ನು ಓದಬೇಕಾದ ಕನ್ಸ್ಯೂಮರ್ ಎಲ್ಲೋ ಸಿಕ್ಕಿಕೊಂಡು ನಿಂತುಬಿಟ್ಟರೆ ಅದರ ಸಿಪಿಯು ಬಳಕೆ ಸಾಮಾನ್ಯವಾಗಿ ಇಳಿಯುತ್ತದೆ. ಗ್ರಾಫ್ ನೋಡಿದವರಿಗೆ ಎಲ್ಲವೂ ಶಾಂತವಾಗಿರುವಂತೆ ಕಾಣುತ್ತದೆ. ಆದ್ದರಿಂದ ಮೊದಲು ಗಮನಿಸಬೇಕಾದದ್ದು ಲ್ಯಾಗ್, ಅಂದರೆ ಪಾರ್ಟಿಷನ್ನಿನ (ಟಾಪಿಕ್ ಎಂಬ ಸಂದೇಶಗಳ ಗುಂಪಿನ ಒಂದು ಭಾಗ) ಕೊನೆಯ ಆಫ್‌ಸೆಟ್‌ಗೂ (ಸಂದೇಶದ ಕ್ರಮಸಂಖ್ಯೆ) ಕನ್ಸ್ಯೂಮರ್ ಗುಂಪು ಕಮಿಟ್ ಮಾಡಿರುವ, ಅಂದರೆ ಇಲ್ಲಿಯವರೆಗೆ ಓದಿಯಾಯಿತೆಂದು ದಾಖಲಿಸಿರುವ ಆಫ್‌ಸೆಟ್‌ಗೂ ನಡುವಿನ ಅಂತರ. ಅದನ್ನೂ ಇಡೀ ಟಾಪಿಕ್‌ಗೆ ಸರಾಸರಿ ತೆಗೆದು ನೋಡಿದರೆ, ಹನ್ನೆರಡು ಪಾರ್ಟಿಷನ್‌ಗಳಲ್ಲಿ ಒಂದು ಮಾತ್ರ ಹಿಂದೆ ಬಿದ್ದಿರುವುದು ಉಳಿದ ಹನ್ನೊಂದರ ಮರೆಯಲ್ಲಿ ಅಡಗಿಹೋಗುತ್ತದೆ.

ಲ್ಯಾಗ್ 10,000 ದಾಟಿದಾಗ ಎಚ್ಚರಿಕೆ ಬರುವಂತೆ ಮಾಡಬೇಕೆಂಬ ಲೇಖಕರ ಸಲಹೆಯೂ ಎಲ್ಲೆಡೆ ಹೊಂದುವಂಥದ್ದಲ್ಲ. ಸೆಕೆಂಡಿಗೆ 50,000 ಸಂದೇಶಗಳು ಬರುವ ಟಾಪಿಕ್‌ನಲ್ಲಿ ಅದು ಕಣ್ಣು ಮಿಟುಕಿಸುವಷ್ಟರ ಬಾಕಿ. ನಿಮಿಷಕ್ಕೆ ಹತ್ತೇ ಬರುವಲ್ಲಿ ಸುಮಾರು ಹದಿನೇಳು ಗಂಟೆಗಳ ಬಾಕಿ. ಲಿಂಕ್ಡ್‌ಇನ್ ರೂಪಿಸಿದ ಬರೋ ಎಂಬ ಮುಕ್ತ ತಂತ್ರಾಂಶವು ಸ್ಥಿರ ಮಿತಿಯನ್ನು ಕೈಬಿಟ್ಟು, ಒಂದು ಕಾಲಾವಧಿಯಲ್ಲಿ ಕಮಿಟ್‌ಗಳು ಮುಂದೆ ಸಾಗುತ್ತಿವೆಯೇ, ಲ್ಯಾಗ್ ಬೆಳೆಯುತ್ತಲೇ ಇದೆಯೇ ಎಂದು ಪರಿಶೀಲಿಸುವುದು ಇದೇ ಕಾರಣಕ್ಕೆ.

ಬೇರೇನನ್ನು ಬಿಟ್ಟರೂ, ಲ್ಯಾಗನ್ನು ಸಮಯದ ಲೆಕ್ಕಕ್ಕೆ ತಂದು ರಿಟೆನ್ಷನ್ ಅವಧಿಯೊಂದಿಗೆ, ಅಂದರೆ ಸಂದೇಶಗಳನ್ನು ಉಳಿಸಿಡುವ ಕಾಲದೊಂದಿಗೆ, ಹೋಲಿಸುವುದನ್ನು ಬಿಡಬಾರದು. ಕಾಫ್ಕಾದ ಮೂಲ ಸೆಟ್ಟಿಂಗ್‌ನಲ್ಲಿ ಆ ಅವಧಿ 168 ಗಂಟೆ. ಅದನ್ನು ಮೀರಿ ಹಿಂದೆ ಬಿದ್ದರೆ, ಓದುವ ಮೊದಲೇ ಸಂದೇಶಗಳು ಅಳಿಸಿಹೋಗಬಹುದು. ಡಿಸ್ಕ್ ಜಾಗ ಉಳಿಸಲೆಂದು ಈ ಅವಧಿಯನ್ನು ನಾವೇ ಎರಡು ದಿನಕ್ಕೆ ಇಳಿಸಿದ್ದ ಒಂದು ಟಾಪಿಕ್‌ನಲ್ಲಿ ಇದು ನಮ್ಮ ತಂಡಕ್ಕೆ ಅರಿವಾದದ್ದು ದೀಪಾವಳಿ ರಜೆ ಮುಗಿಸಿ ಬಂದ ಬೆಳಿಗ್ಗೆ.